ಕರೆಯುವ ಹೆಸರಿಗೆ ಯಾರ ಒಪ್ಪಿಗೆ ಬೇಕು?

ಶಾಲೆಗಳು ಮತ್ತೆ ಆರಂಭವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಮಕ್ಕಳ ಹೆಸರಿಗೆ ಸಂಬಂಧಿಸಿದವು. ಅವುಗಳಲ್ಲಿ ಕೆಲವನ್ನು ಆರಿಸಿ, ಬರೆದವರ ಗುರುತು ಸಿಗದಂತೆ ಸಂಕ್ಷೇಪಿಸಿ, ಇಲ್ಲಿ ಉತ್ತರಿಸಲಾಗಿದೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಉಳಿದವರಿಗೂ ಬೇಕಾದ ಸಂಗತಿಗಳು ಅದರಲ್ಲಿರುವುದರಿಂದ ಅವರೂ ಅದನ್ನು ಓದಿಕೊಳ್ಳಬೇಕೆಂದು ವಿನಂತಿ.

ಪ್ರಶ್ನೆ: ಮಾನ್ಯರೇ, ನನ್ನ ಮಗನಿಗೆ ಹದಿನಾಲ್ಕು ವರ್ಷ, ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ಓಪನ್ ಹೌಸ್‌ಗೆ ನಾನೂ ನನ್ನ ಯಜಮಾನರೂ ಹೋಗಿದ್ದೆವು. ಕ್ಲಾಸ್ ಟೀಚರ್ ರಿಪೋರ್ಟ್ ಕಾರ್ಡು ಕೈಗಿಟ್ಟು, ಒಂದು ಹುಡುಗಿಯ ಹೆಸರು ಹೇಳಿ, "ಗಣಿತದಲ್ಲಿ ತುಂಬ ಸುಧಾರಿಸಿದ್ದಾಳೆ" ಎಂದರು. ಬೇರೆ ಮಗುವಿನ ಕಾರ್ಡು ಬಂದಿದೆಯೆಂದು ತಿಳಿದು ನಾವು ಅದನ್ನು ಹಿಂದಕ್ಕೆ ಕೊಟ್ಟೆವು. ಕಾರ್ಡಿನ ಮೇಲೆ ನಮ್ಮ ಮಗನ ಹೆಸರೇ ಇತ್ತು. ಕೆಲವು ತಿಂಗಳಿಂದ ತರಗತಿಯಲ್ಲಿ ತನ್ನನ್ನು ಆ ಹೆಸರಿನಿಂದ ಕರೆಯಬೇಕೆಂದು ಅವನೇ ಕೇಳಿಕೊಂಡಿದ್ದನಂತೆ. ಮನೆಯಲ್ಲಿ ಗೊತ್ತಿದೆಯೆಂದು ಟೀಚರ್ ಭಾವಿಸಿದ್ದರಂತೆ. ನಮ್ಮವರಿಗೆ ಬಹಳ ನೋವಾಗಿದೆ, ಕೋಪವೂ ಬಂದಿದೆ. ಅಮೆರಿಕದಲ್ಲಿರುವ ನನ್ನ ಮೈದುನರು, ಅಲ್ಲಿ ತಂದೆತಾಯಿಯ ಸಹಿ ಇಲ್ಲದೆ ಶಾಲೆಯವರು ಮುದ್ದಿನ ಹೆಸರಿನಿಂದಲೂ ಕರೆಯುವಂತಿಲ್ಲವೆಂದು ಹೇಳುತ್ತಾರೆ. ನಮ್ಮ ಒಪ್ಪಿಗೆ ಇಲ್ಲದೆ ಶಾಲೆ ಹೀಗೆ ಮಾಡಬಹುದೇ? ನಾವು ದೂರು ಕೊಡಬೇಕೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ಕಾನೂನಿನ ವಿಷಯ ನೋಡೋಣ. ಪ್ರವೇಶದ ದಿನ ಜನನ ಪ್ರಮಾಣಪತ್ರ ನೋಡಿ ಜನರಲ್ ರಿಜಿಸ್ಟರಿನಲ್ಲಿ ಬರೆದುಕೊಂಡ ಹೆಸರು ಒಂದು, ತರಗತಿಯಲ್ಲಿ ಬಾಯಿಮಾತಿನಲ್ಲಿ ಕರೆಯುವ ಹೆಸರು ಇನ್ನೊಂದು. ಮೊದಲನೆಯದನ್ನು ನಿಮ್ಮ ಅರ್ಜಿ ಇಲ್ಲದೆ ಮುಖ್ಯೋಪಾಧ್ಯಾಯರೂ ಮುಟ್ಟುವಂತಿಲ್ಲ. ಮಹಾರಾಷ್ಟ್ರದ ಮಾಧ್ಯಮಿಕ ಶಾಲಾ ಸಂಹಿತೆಯ ಪ್ರಕಾರ, ಮಗು ಶಾಲೆಯಲ್ಲಿ ಕಲಿಯುತ್ತಿರುವಾಗ ಅದರ ಹೆಸರನ್ನೋ ಜನ್ಮದಿನಾಂಕವನ್ನೋ ರಿಜಿಸ್ಟರಿನಲ್ಲಿ ಬದಲಾಯಿಸಬೇಕಾದರೆ ಪೋಷಕರು ಪುರಾವೆ ಸಹಿತ ಅರ್ಜಿ ಕೊಡಬೇಕು, ಶಾಲೆ ಅದನ್ನು ಶಿಕ್ಷಣ ಇಲಾಖೆಗೆ ಕಳುಹಿಸಬೇಕು. ಬೃಹನ್ಮುಂಬಯಿಯಲ್ಲಾದರೆ ಶಿಕ್ಷಣ ನಿರೀಕ್ಷಕರು, ನಿಮ್ಮ ಥಾಣೆ ಜಿಲ್ಲೆಯಲ್ಲಾದರೆ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗಳು ಮಂಜೂರು ಮಾಡಿದ ಮೇಲೆಯೇ ರಿಜಿಸ್ಟರಿನಲ್ಲಿ ತಿದ್ದುಪಡಿ ಆಗಬೇಕು. ಮಗು ಶಾಲೆ ಬಿಡುವಾಗ ಕೊಡುವ ಲಿವಿಂಗ್ ಸರ್ಟಿಫಿಕೇಟನ್ನು ಇದೇ ರಿಜಿಸ್ಟರು ನೋಡಿ ಬರೆಯುತ್ತಾರೆ. ಅದನ್ನು ಕೊಟ್ಟ ಅಧಿಕಾರಿಯ ಹೊರತು ಯಾರೂ ಅದರ ಯಾವ ನಮೂದನ್ನೂ ತಿದ್ದಕೂಡದೆಂಬ ಎಚ್ಚರಿಕೆ ಆ ಪ್ರಮಾಣಪತ್ರದ ಮೇಲೆಯೇ ಅಚ್ಚಾಗಿರುತ್ತದೆ. ನಿಮ್ಮ ಪತ್ರದ ಪ್ರಕಾರ ರಿಪೋರ್ಟ್ ಕಾರ್ಡಿನಲ್ಲಿ ಹಳೆಯ ಹೆಸರೇ ಇದೆ. ಆದ್ದರಿಂದ ಶಾಲೆ ನಿಮ್ಮ ಮಗುವಿನ ದಾಖಲೆಯನ್ನು ಬದಲಾಯಿಸಿಲ್ಲ.

ಈ ವಿಧಿ ರಿಜಿಸ್ಟರಿನ ಹೆಸರಿಗೆ ಅನ್ವಯಿಸುತ್ತದೆಯೇ ಹೊರತು ಬಾಯಿಮಾತಿನ ಹೆಸರಿಗಲ್ಲ. ಮುಂಬಯಿಯ ತುಳು-ಕನ್ನಡ ಮನೆಗಳಲ್ಲಂತೂ ಒಂದೊಂದು ಮಗುವಿಗೂ ಜಾತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಅಜ್ಜಿ ಕರೆಯಲು ಇನ್ನೊಂದು ಇದ್ದೇ ಇರುತ್ತದೆ. ಅಪ್ಪಿ, ಪುಟ್ಟ ಎಂದು ಟೀಚರ್ ಕರೆದರೆ ಯಾವ ತಂದೆಯೂ ದೂರು ಕೊಡಲು ಹೋಗುವುದಿಲ್ಲ. ನಿಮ್ಮನ್ನು ನೋಯಿಸಿರುವುದು ಹೆಸರು ಬೇರೆಯಾಗಿರುವುದಲ್ಲ, ಅದು ಹುಡುಗಿಯ ಹೆಸರಾಗಿರುವುದು, ಮತ್ತು ನಿಮಗಿಂತ ಮೊದಲು ಊರಿಗೆಲ್ಲ ಗೊತ್ತಾಗಿರುವುದು. ಇವೆರಡನ್ನೂ ಬೇರೆಬೇರೆಯಾಗಿ ನೋಡಿದರೆ ನಿಮಗೆ ದಾರಿ ಸುಲಭವಾದೀತು.

ನಿಮ್ಮ ಮೈದುನರು ಹೇಳಿದ್ದು ಅಮೆರಿಕದ ಕೆಲವು ರಾಜ್ಯಗಳ ಮಟ್ಟಿಗೆ ನಿಜ. ಫ್ಲಾರಿಡಾ ರಾಜ್ಯದ ಶಿಕ್ಷಣ ಮಂಡಳಿಯು 2023ರ ಜುಲೈನಲ್ಲಿ ಒಂದು ನಿಯಮ ಮಾಡಿ, ದಾಖಲೆಯ ಹೆಸರಿಗಿಂತ ಬೇರೆ ಯಾವ ಹೆಸರಿನಿಂದ ಮಗುವನ್ನು ಕರೆಯಬೇಕಾದರೂ ತಂದೆ ಅಥವಾ ತಾಯಿ ನಮೂನೆಗೆ ಸಹಿ ಹಾಕಬೇಕೆಂದು ವಿಧಿಸಿತು. ನಿಯಮ ಮಾಡಿದವರ ಗಮನವಿದ್ದದ್ದು ಹುಡುಗ ಹುಡುಗಿಯ ಹೆಸರನ್ನೋ, ಹುಡುಗಿ ಹುಡುಗನ ಹೆಸರನ್ನೋ ಕೇಳುವ ಪ್ರಸಂಗಗಳ ಮೇಲೆ. ಆದರೆ ನಿಯಮದ ಬಲೆಯಲ್ಲಿ ರಾಬರ್ಟನನ್ನು ರಾಬ್ ಎಂದು, ತಿಮೋಥಿಯನ್ನು ಟಿಮ್ ಎಂದು ಕರೆಯುವ ಮನೆಗಳೂ ಸಿಕ್ಕಿಬಿದ್ದು, ಅವರೂ ಕಾಗದ ತುಂಬಿಸಿ ಕೊಡಬೇಕಾಯಿತು. ವರ್ಜೀನಿಯಾ ರಾಜ್ಯವು ಅದೇ ತಿಂಗಳು ಹೊರಡಿಸಿದ ಮಾದರಿ ನೀತಿಯೂ ಇಂತಹ ಬದಲಾವಣೆಗೆ ಪೋಷಕರ ಲಿಖಿತ ಕೋರಿಕೆ ಬೇಕೆಂದು ಹೇಳಿತು. ಇದಕ್ಕೆ ತದ್ವಿರುದ್ಧವಾಗಿ ಕ್ಯಾಲಿಫೋರ್ನಿಯಾ 2024ರ ಜುಲೈನಲ್ಲಿ ಮಾಡಿದ ಕಾನೂನು, ಮಗುವಿನ ಲಿಂಗತ್ವದ ವಿಷಯವನ್ನು ಮಗುವಿನ ಒಪ್ಪಿಗೆ ಇಲ್ಲದೆ ಮನೆಗೆ ತಿಳಿಸಲೇಬೇಕೆಂದು ಶಾಲಾ ಮಂಡಳಿಗಳು ಶಿಕ್ಷಕರನ್ನು ಒತ್ತಾಯಿಸುವಂತಿಲ್ಲವೆಂದಿತು. ಕೆನಡಾದಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯವು 2023ರಲ್ಲಿ ಹದಿನಾರಕ್ಕಿಂತ ಕಿರಿಯರಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿತು. ಸರಕಾರ ಬದಲಾದ ಮೇಲೆ, 2024ರ ಕೊನೆಯಲ್ಲಿ, ಅದನ್ನು ಹಿಂದಕ್ಕೆ ಪಡೆಯಿತು. ಸಸ್ಕ್ಯಾಚುವಾನ್ ಪ್ರಾಂತ್ಯವಾದರೋ 2023ರ ಅಕ್ಟೋಬರ್‌ನಲ್ಲಿ ಅಂಥದ್ದೇ ನಿಯಮವನ್ನು ಕಾನೂನಾಗಿಯೇ ಮಾಡಿ, ನ್ಯಾಯಾಲಯಗಳು ಅದನ್ನು ಸುಲಭವಾಗಿ ರದ್ದುಮಾಡದಂತೆ ಸಂವಿಧಾನದ ಒಂದು ವಿಶೇಷ ಕಲಮನ್ನೂ ಬಳಸಿತು. ಇಷ್ಟನ್ನೆಲ್ಲ ಹೇಳಿದ್ದು, "ಅಮೆರಿಕದಲ್ಲಿ ಹೀಗೆ" ಎಂಬ ಒಂದೇ ಮಾತಿನಲ್ಲಿ ಮುಗಿಯುವ ಸಂಗತಿ ಇದಲ್ಲವೆಂದು ತೋರಿಸಲು. ಅಲ್ಲಿ ಈ ವಿಷಯ ಚುನಾವಣೆಯ ಮಾತಾಗಿಬಿಟ್ಟಿದೆ. ಆ ಯಾವ ನಿಯಮವೂ ಡೊಂಬಿವಲಿಯ ಶಾಲೆಗೆ ಅನ್ವಯಿಸುವುದಿಲ್ಲ.

ಹಾಗಾದರೆ ಶಾಲೆಯ ತಪ್ಪೇನೂ ಇಲ್ಲವೇ ಎಂದು ನೀವು ಕೇಳಬಹುದು. ತಪ್ಪಿದೆ. ಮಗು ಕೇಳಿದ ಹೆಸರಿನಿಂದ ಕರೆದದ್ದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಆದರೆ ಮನೆಯಲ್ಲಿ ಗೊತ್ತಿದೆಯೇ ಎಂದು ಮಗುವನ್ನು ಒಂದು ಮಾತು ಕೇಳದೆ, ಗೊತ್ತಿರಬಹುದೆಂದು ತಾವೇ ಊಹಿಸಿಕೊಂಡು, ಓಪನ್ ಹೌಸ್‌ನಲ್ಲಿ, ಸರದಿಯಲ್ಲಿ ಕಾಯುತ್ತಿದ್ದ ಇತರ ಪೋಷಕರ ಎದುರಿನಲ್ಲಿ ಅದನ್ನು ಆಡಿದ್ದು ಅಜಾಗರೂಕತೆ. ಅದರಿಂದ ನಿಮಗಾದ ಆಘಾತ ಒಂದಾದರೆ, ಆ ಸಂಜೆ ಮನೆಯಲ್ಲಿ ಮಗು ಎದುರಿಸಿರಬಹುದಾದದ್ದು ಇನ್ನೊಂದು. ಅದನ್ನು ನೀವು ಬರೆದಿಲ್ಲ, ನಾವು ಕೇಳುವುದೂ ಇಲ್ಲ. ಈ ಅಜಾಗರೂಕತೆಗೆ ದೂರು ಕೊಟ್ಟರೆ ಶಾಲೆ ಗಾಬರಿಗೊಂಡು, ರಿಜಿಸ್ಟರಿನ ಹೆಸರನ್ನೇ ಕರೆಯತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಿ ಕೈತೊಳೆದುಕೊಳ್ಳುವುದು ಖಂಡಿತ. ಮಗುವಿಗೆ ಆಗ ಶಾಲೆಯಲ್ಲೂ ಮಾತನಾಡಲು ಯಾರೂ ಉಳಿಯುವುದಿಲ್ಲ. ಆದ್ದರಿಂದ ದೂರಿನ ಬದಲು ಮುಖ್ಯೋಪಾಧ್ಯಾಯರಿಗೂ ಶಾಲೆಯ ಕೌನ್ಸೆಲರಿಗೂ ಒಂದು ಪತ್ರ ಬರೆದು, ಮಗುವನ್ನೂ ಕೂರಿಸಿಕೊಂಡು ಮಾತನಾಡಲು ಸಮಯ ಕೇಳಿ. ತರಗತಿಯಲ್ಲಿ ಯಾವ ಹೆಸರು, ಮನೆಗೆ ಬರುವ ಕಾಗದದಲ್ಲಿ ಯಾವುದು, ಇತರ ಪೋಷಕರು ಕೇಳಿದರೆ ಶಾಲೆ ಏನು ಹೇಳಬೇಕು, ಇಷ್ಟು ನಿರ್ಧಾರವಾದರೆ ಮೊದಲ ಭೇಟಿಗೆ ಸಾಕು.

ಇನ್ನು ಮಗುವಿನ ವಿಷಯ. ಹದಿನಾಲ್ಕನೆಯ ವಯಸ್ಸಿನಲ್ಲಿ ಬೇರೆ ಹೆಸರು ಕೇಳಿದ್ದರಿಂದಲೇ ಮುಂದಿನದೆಲ್ಲ ನಿಶ್ಚಯವಾಗಿಬಿಟ್ಟಿತೆಂದು ತಿಳಿಯಬೇಕಾಗಿಲ್ಲ, ಅದು ಹುಡುಗಾಟವೆಂದು ತಳ್ಳಿಹಾಕಲೂಬಾರದು. ಕೆಲವರಲ್ಲಿ ಇದು ಬದಲಾಗುತ್ತದೆ, ಕೆಲವರಲ್ಲಿ ಗಟ್ಟಿಯಾಗುತ್ತದೆ. ಬಾಯಿಮಾತಿನ ಹೆಸರನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು, ಅದರಿಂದ ಯಾವ ಬಾಗಿಲೂ ಮುಚ್ಚುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ ಪ್ರಕರಣದಲ್ಲಿ ಕೊಟ್ಟ ತೀರ್ಪು, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಘನತೆಯ ಭಾಗವೆಂದು ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರ (ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ) ಹಕ್ಕುಗಳ ರಕ್ಷಣೆಗೆಂದು 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು, ಗುರುತಿನ ಪ್ರಮಾಣಪತ್ರಕ್ಕಾಗಿ ಅಪ್ರಾಪ್ತ ವಯಸ್ಕರ ಪರವಾಗಿ ತಂದೆತಾಯಿ ಅಥವಾ ಪಾಲಕರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕೆಂದು ಗೊತ್ತುಪಡಿಸಿತು. ಎಂದರೆ ಕಾಗದಪತ್ರದ ಯಾವ ಹೆಜ್ಜೆಯೂ ನಿಮ್ಮನ್ನು ಬಿಟ್ಟು ನಡೆಯುವುದಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ತಿಳಿಸಿ. ಮಗು ಕೈತಪ್ಪಿ ಹೋಗುತ್ತಿದೆಯೆಂಬ ಅವರ ಭಯ ಸ್ವಲ್ಪ ಇಳಿಯಬಹುದು.

ಇನ್ನೊಂದು ಮಾತನ್ನು ಸ್ವಲ್ಪ ದಾಕ್ಷಿಣ್ಯ ಬಿಟ್ಟೇ ಹೇಳುತ್ತೇವೆ. ಈ ಊರಿನಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳ ಹೆಸರನ್ನು ಮದುವೆಯ ದಿನ ಮಂಟಪದಲ್ಲೇ ಬದಲಾಯಿಸಲಾಗಿದೆ, ಅದೂ ಮನೆತನದ ಹೆಸರನ್ನಷ್ಟೇ ಅಲ್ಲ, ಅಪ್ಪ ಇಟ್ಟ ಹೆಸರನ್ನೂ. ಅವರ ಒಪ್ಪಿಗೆಯನ್ನು ಯಾರೂ ಬರೆಸಿಕೊಂಡಿರಲಿಲ್ಲ. ಹೆಸರು ಬದಲಾದರೆ ಸಂಬಂಧವೇ ಕಡಿದುಹೋಗುತ್ತದೆಂದು ಆಗ ಯಾರಿಗೂ ತೋರಲಿಲ್ಲ.

ಪ್ರಶ್ನೆ: ನಾವು ಧಾರವಾಡದ ಕಡೆಯವರು. ನನ್ನ ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನಮ್ಮ ಮನೆತನದ ಹೆಸರು ಕೇಳಿದ ಕೂಡಲೇ ಜಾತಿ ಗೊತ್ತಾಗುತ್ತದೆಂದೂ, ಅದು ತನ್ನ ಹೆಸರಿನ ಜೊತೆ ಬೇಡವೆಂದೂ ಹಟ ಹಿಡಿದಿದ್ದಾಳೆ. ಶಾಲೆಯವರು ಮೂರು ಹೆಸರು ಇರಲೇಬೇಕೆನ್ನುತ್ತಾರೆ. ಅವಳ ಇಷ್ಟದಂತೆ ಮಾಡಿದರೆ ಮುಂದೆ ತೊಂದರೆಯಾಗದೇ? ಅಪ್ಪನಾಗಿ ನಾನು ಬೇಡವೆನ್ನುವ ಹಕ್ಕು ನನಗಿಲ್ಲವೇ?
– ಒಬ್ಬ ತಂದೆ, ಚೆಂಬೂರು

ಉತ್ತರ: ಹಕ್ಕು ಇದೆ. ಅವಳಿಗೆ ಹದಿನೆಂಟು ತುಂಬುವವರೆಗೆ ಅರ್ಜಿಯ ಮೇಲೆ ನಿಮ್ಮ ಸಹಿಯೋ ನಿಮ್ಮ ಮನೆಯವರ ಸಹಿಯೋ ಬೇಕೇಬೇಕು. ಆ ಹಕ್ಕನ್ನು ಬಳಸಬೇಕೇ ಎಂಬುದು ಬೇರೆ ಪ್ರಶ್ನೆ. ನಮ್ಮನ್ನು ಕೇಳಿದರೆ, ಒಪ್ಪಿಕೊಳ್ಳಿ. ಜಾತಿ ತಿಳಿಯಬಾರದೆಂದು ಒಬ್ಬ ಹುಡುಗಿ ತನ್ನ ಹೆಸರನ್ನು ಚಿಕ್ಕದು ಮಾಡಿಕೊಳ್ಳುವುದಾದರೆ ಅದು ಮನೆತನಕ್ಕೆ ಮಾಡಿದ ಅವಮಾನವಲ್ಲ. ಕರ್ನಾಟಕದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಇಟ್ಟುಕೊಂಡು ಇಡೀ ಆಯುಷ್ಯ ಕಳೆದವರು ಲಕ್ಷಾಂತರ ಮಂದಿ ಇದ್ದಾರೆ.

ತೊಂದರೆ ಇರುವುದು ಮಹಾರಾಷ್ಟ್ರದ ಪದ್ಧತಿಯಲ್ಲಿ. ಇಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಆಡನಾವು (ಮನೆತನದ ಹೆಸರು) ಎಂಬ ಮೂರು ಖಾನೆಗಳಿಲ್ಲದ ಅರ್ಜಿ ಕಾಣುವುದು ಅಪರೂಪ. ರಾಜ್ಯ ಮಂಡಳಿಯ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಂತೂ ಆಡನಾವೇ ಮೊದಲು ಅಚ್ಚಾಗುತ್ತದೆ, ತಾಯಿಯ ಹೆಸರಿಗೆ ಬೇರೆಯೇ ಸಾಲು. 2024ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ತೆಗೆದುಕೊಂಡ ನಿರ್ಣಯದಂತೆ, 2024ರ ಮೇ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲೆಯಲ್ಲೂ ಸರಕಾರಿ ಕಾಗದಗಳಲ್ಲೂ ಸ್ವಂತ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಡನಾವು ಈ ಕ್ರಮದಲ್ಲಿ ಬರಬೇಕು. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ, ಎಂದರೆ ಕುಲದ ಹೆಸರು, ತಾಯಿಯಿಂದಲೇ ಬರುತ್ತಿತ್ತು, ಆದರೂ ಮುಂಬಯಿಗೆ ಬಂದ ಮೇಲೆ ಅವರ ಮಕ್ಕಳ ಹೆಸರಿನ ನಡುವೆಯೂ ತಂದೆಯ ಹೆಸರೇ ಕುಳಿತುಕೊಂಡಿತು. ನಿಮ್ಮ ಮಗಳು ಹುಟ್ಟಿದ್ದು ಈ ನಿರ್ಣಯಕ್ಕಿಂತ ಮೊದಲಾದ್ದರಿಂದ ಅವಳಿಗೆ ಅದು ಕಡ್ಡಾಯವಲ್ಲ. ಆಡನಾವಿನ ಖಾನೆಯನ್ನು ಖಾಲಿ ಬಿಟ್ಟರೆ ಆನ್‌ಲೈನ್ ಅರ್ಜಿಗಳು ಹಲವೆಡೆ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ, ಕೆಲವು ಕುಟುಂಬಗಳು ತಂದೆಯ ಅಥವಾ ತಾಯಿಯ ಹೆಸರನ್ನೇ ಕೊನೆಯ ಹೆಸರಾಗಿ ಬರೆಸುತ್ತವೆ. ಮಗಳು ಒಪ್ಪಿದರೆ ಅದೇ ಅನುಕೂಲ.

ಆದರೆ ತಡಮಾಡಬೇಡಿ. ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯಲ್ಲಿಯೇ ವಿದ್ಯಾರ್ಥಿಗಳ ಹೆಸರು ಮಂಡಳಿಗೆ ನೋಂದಣಿಯಾಗುತ್ತದೆ, ಹತ್ತನೆಯ ತರಗತಿಯ ಪ್ರಮಾಣಪತ್ರ ಆ ಹೆಸರಿನಲ್ಲೇ ಬರುತ್ತದೆ. ಅದಕ್ಕೆ ಮೊದಲೇ ಶಾಲೆಯ ದಾಖಲೆ ಸರಿಹೋದರೆ ಕೆಲಸ ಹಗುರ. ನಂತರವಾದರೆ ದಾರಿ ಇಲ್ಲವೆಂದಲ್ಲ. ಸರ್ವೋಚ್ಚ ನ್ಯಾಯಾಲಯವು 2021ರ ಜೂನ್ 3ರಂದು ಸಿಬಿಎಸ್‌ಇ ವಿರುದ್ಧದ ಹಲವು ಪ್ರಕರಣಗಳನ್ನು ಒಟ್ಟಾಗಿ ವಿಚಾರಿಸಿ, ಹೆಸರು ಅಭಿವ್ಯಕ್ತಿ ಸ್ವಾತಂತ್ರ್ಯದ ಒಂದು ಭಾಗವೆಂದೂ, ಮಂಡಳಿ ಬದಲಾವಣೆಯ ಬಾಗಿಲನ್ನು ಪೂರ್ತಿ ಮುಚ್ಚುವಂತಿಲ್ಲವೆಂದೂ ತೀರ್ಪು ಕೊಟ್ಟಿತು. ಶಾಲೆಯ ದಾಖಲೆಗೆ ಅಥವಾ ಜನನ ಪ್ರಮಾಣಪತ್ರದಂತಹ ಸಾರ್ವಜನಿಕ ದಾಖಲೆಗೆ ಹೊಂದಿಸುವ ತಿದ್ದುಪಡಿಗೆ ಒಂದು ಕ್ರಮ. ತಾನೇ ಆರಿಸಿಕೊಂಡ ಹೊಸ ಹೆಸರಿಗೆ ಬೇರೊಂದು ಕ್ರಮ. ಎರಡನೆಯದಕ್ಕೆ ನ್ಯಾಯಾಲಯದ ಅನುಮತಿ ಮತ್ತು ಗೆಜೆಟ್ ಪ್ರಕಟಣೆ ಎರಡೂ ಬೇಕು. ಆ ಓಡಾಟ ಈಗಲೇ ತಪ್ಪಿಸಬಹುದಾದರೆ ಏಕೆ ಬಿಡಬೇಕು?

ಮಹಾರಾಷ್ಟ್ರ ಸರಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟಿಸಲು ಮುದ್ರಣ ಮತ್ತು ಲೇಖನ ಸಾಮಗ್ರಿ ನಿರ್ದೇಶನಾಲಯದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಅದರ ಕಚೇರಿ ಚರ್ನಿ ರೋಡಿನಲ್ಲಿದೆ. ಅಪ್ರಾಪ್ತರ ಅರ್ಜಿಗೆ ಪೋಷಕರು ಸಹಿ ಮಾಡಬೇಕು. ಗೆಜೆಟ್ ಬಂದ ಮಾತ್ರಕ್ಕೆ ಎಲ್ಲವೂ ತಾನಾಗಿ ಬದಲಾಗುವುದಿಲ್ಲ, ಅದನ್ನು ತೋರಿಸಿ ಶಾಲೆಯ ರಿಜಿಸ್ಟರು, ಆಧಾರ್, ಬ್ಯಾಂಕಿನ ಖಾತೆ ಒಂದೊಂದನ್ನೂ ತಿದ್ದಿಸಿಕೊಳ್ಳಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಾಯಿಸಲು ಅವಕಾಶವಿರುವುದರಿಂದ, ಅಕ್ಷರ ಅಕ್ಷರವಾಗಿ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಹೇಗಿರಬೇಕೆಂದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅವಳಿಂದಲೇ ಓದಿಸಿ ನೋಡಿ. ಶಾಲೆಗಳು ಈಗ ವಿದ್ಯಾರ್ಥಿಗಳಿಗೆ ಮಾಡಿಸುತ್ತಿರುವ ಅಪಾರ್ ಎಂಬ ಗುರುತಿನ ಸಂಖ್ಯೆಗೂ ಆಧಾರ್‌ನ ಹೆಸರು ಮತ್ತು ಶಾಲೆಯ ಹೆಸರು ತಾಳೆಯಾಗಬೇಕು, ಅದಕ್ಕೂ ಪೋಷಕರ ಒಪ್ಪಿಗೆ ಪತ್ರವಿದೆ. ಒಂದು ದೀರ್ಘಾಕ್ಷರದ ವ್ಯತ್ಯಾಸಕ್ಕೆ ಕೆಲಸ ನಿಂತುಹೋಗುವುದನ್ನು ಶಾಲೆಯ ಗುಮಾಸ್ತರನ್ನು ಕೇಳಿದರೆ ಅವರೇ ಹೇಳುತ್ತಾರೆ.

ಪ್ರಶ್ನೆ: ನಾನು ಪುಣೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಏಳನೆಯ ತರಗತಿಯ ಒಂದು ಮಗು, ತನ್ನನ್ನು ಬೇರೆ ಹೆಸರಿನಿಂದ ಕರೆಯಬೇಕೆಂದೂ, ಮನೆಯಲ್ಲಿ ಹೇಳಕೂಡದೆಂದೂ ಅತ್ತುಕೊಂಡು ಕೇಳಿತು. ಹೇಳಿದರೆ ಮಗುವಿಗೆ ದ್ರೋಹ, ಹೇಳದಿದ್ದರೆ ಪೋಷಕರಿಗೆ ದ್ರೋಹ. ನಮ್ಮ ಮುಖ್ಯೋಪಾಧ್ಯಾಯರು, ಇಲಾಖೆಯಿಂದ ಆದೇಶ ಬರುವವರೆಗೆ ಸುಮ್ಮನಿರಿ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಪುಣೆ

ಉತ್ತರ: ಆದೇಶಕ್ಕಾಗಿ ಕಾದರೆ ಮಗು ಹತ್ತನೆಯ ತರಗತಿ ಮುಗಿಸಿ ಹೋಗಿರುತ್ತದೆ. ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಇಆರ್‌ಟಿಯು 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಶಿಕ್ಷಕರ ತರಬೇತಿಗಾಗಿ ಒಂದು ಕೈಪಿಡಿ ಸಿದ್ಧಪಡಿಸಿ ತನ್ನ ಜಾಲತಾಣದಲ್ಲಿ ಹಾಕಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪ ಎತ್ತಿದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ಅದನ್ನು ಅಲ್ಲಿಂದ ತೆಗೆಯಲಾಯಿತು. ಅಂದಮೇಲೆ ನಿಮ್ಮ ಮುಖ್ಯೋಪಾಧ್ಯಾಯರ ಅಂಜಿಕೆಗೆ ಕಾರಣವಿಲ್ಲದೆ ಇಲ್ಲ. ಆದರೂ ಸುಮ್ಮನಿರುವುದೂ ಒಂದು ನಿರ್ಧಾರವೇ, ಅದರ ಫಲ ಮಗುವಿನ ಮೇಲೆಯೇ ಬೀಳುತ್ತದೆ.

ಮೊದಲನೆಯದಾಗಿ, ಗುಟ್ಟು ಕಾಯುತ್ತೇನೆಂದು ಮಾತು ಕೊಡಬೇಡಿ. ಏಳನೆಯ ತರಗತಿಯ ಮಗುವಿಗೆ ಹನ್ನೆರಡು-ಹದಿಮೂರು ವರ್ಷ. ಅದರ ಬದುಕಿನಲ್ಲಿ ಏನು ನಡೆಯುತ್ತಿದೆಯೆಂದು ತಂದೆತಾಯಿ ಕೇಳಿದಾಗ ನೀವು ಸುಳ್ಳು ಹೇಳುವ ಸ್ಥಿತಿಗೆ ಬರಬಾರದು. ಅದೇ ಉಸಿರಿನಲ್ಲಿ ಹೇಳುತ್ತೇವೆ, ಇವತ್ತು ಕೇಳಿದ್ದನ್ನು ಇವತ್ತೇ ಫೋನ್ ಮಾಡಿ ಮನೆಗೆ ಮುಟ್ಟಿಸುವುದೂ ಬೇಡ. "ನಿನ್ನನ್ನು ಕೇಳದೆ ಹೇಳುವುದಿಲ್ಲ, ಆದರೆ ನಿನಗೆ ಅಪಾಯವೆಂದು ಕಂಡರೆ ನಿನಗೆ ತಿಳಿಸಿಯೇ ದೊಡ್ಡವರಿಗೆ ಹೇಳುತ್ತೇನೆ" ಎಂಬಷ್ಟು ಪ್ರಾಮಾಣಿಕವಾದ ಮಾತನ್ನು ಆ ವಯಸ್ಸಿನ ಮಗು ಅರ್ಥಮಾಡಿಕೊಳ್ಳಬಲ್ಲದು.

ಆಮೇಲೆ ಮನೆಯಲ್ಲಿ ಹೇಳಬಾರದೆಂದು ಏಕೆ ಅನ್ನಿಸುತ್ತದೆಂದು ಕೇಳಿ. ಉತ್ತರ ಎರಡು ಬಗೆಯಾಗಿರುತ್ತದೆ. ಬೈಯುತ್ತಾರೆ, ನಗುತ್ತಾರೆ, ಅಜ್ಜಿ ಅಳುತ್ತಾರೆ ಎಂದರೆ ಅದು ಸಂಕೋಚ. ಅಂಥ ಮನೆಗಳಲ್ಲಿ ಕೌನ್ಸೆಲರ ಜೊತೆ, ಮಗುವೇ ನಂಬುವ ಸೋದರತ್ತೆಯೋ ಚಿಕ್ಕಪ್ಪನೋ ಇದ್ದರೆ ಅವರನ್ನೂ ಸೇರಿಸಿಕೊಂಡು, ಕೆಲವು ವಾರಗಳಲ್ಲಿ ತಂದೆತಾಯಿಗೆ ತಿಳಿಸುವ ದಾರಿ ಹುಡುಕಬಹುದು, ಹುಡುಕಬೇಕು. ಹೊಡೆಯುತ್ತಾರೆ, ಮನೆಯಿಂದ ಹಾಕುತ್ತಾರೆ, ಶಾಲೆ ಬಿಡಿಸುತ್ತಾರೆ ಎಂದು ಮಗು ಹೇಳಿದರೆ, ಮತ್ತು ಅದನ್ನು ನಂಬಲು ನಿಮಗೆ ಕಾರಣವಿದ್ದರೆ, ಅದು ಹೆಸರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಮಕ್ಕಳ ರಕ್ಷಣೆಯ ಪ್ರಶ್ನೆಯಾಗುತ್ತದೆ. ಆಗ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ತಿಳಿಸಿ, 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ ಸಲಹೆ ಕೇಳಿ. ಮೊದಲ ಉತ್ತರದಲ್ಲಿ ಹೇಳಿದ 2019ರ ಕಾಯ್ದೆಯು ಮಗುವನ್ನು ಅದರ ಲಿಂಗತ್ವದ ಕಾರಣಕ್ಕಾಗಿ ತಂದೆತಾಯಿಯಿಂದ ಬೇರ್ಪಡಿಸಬಾರದೆಂದೂ, ಮಗುವಿನ ಹಿತಕ್ಕಾಗಿ ನ್ಯಾಯಾಲಯ ಆದೇಶಿಸಿದರೆ ಮಾತ್ರ ಬೇರ್ಪಡಿಸಬಹುದೆಂದೂ ಹೇಳಿತ್ತು. ಮನೆಯಿಂದ ಹೊರಹಾಕುವ ಬೆದರಿಕೆ ಕೇಳಿಬಂದಾಗ ಆ ಮಾತನ್ನು ಪೋಷಕರಿಗೆ ಮೆಲ್ಲಗೆ ನೆನಪಿಸಬಹುದು.

ಭಾರತವು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಎರಡು ಮಾತುಗಳಿವೆ. ತಂದೆತಾಯಿಗೆ ಮಗುವನ್ನು ಅದರ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ನಡೆಸುವ ಹಕ್ಕಿದೆ ಎಂಬುದು ಒಂದು. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಅಭಿಪ್ರಾಯಕ್ಕೆ ಅದರ ವಯಸ್ಸಿಗೂ ಪ್ರೌಢತೆಗೂ ತಕ್ಕ ತೂಕ ಕೊಡಬೇಕೆಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಓದಬೇಕು. ಮೊದಲ ಉತ್ತರದಲ್ಲಿ ಹೇಳಿದ ಫ್ಲಾರಿಡಾದ ನಿಯಮ ಮೊದಲನೆಯದನ್ನಷ್ಟೇ ಹಿಡಿದುಕೊಂಡಿದೆ. ಮನೆಗೆ ಎಂದೂ ಹೇಳದೆ ವರ್ಷಗಟ್ಟಲೆ ಎರಡು ಹೆಸರು ನಡೆಸಿಕೊಂಡು ಹೋಗುವ ಶಾಲೆ ಎರಡನೆಯದನ್ನಷ್ಟೇ ಹಿಡಿದುಕೊಂಡಿದೆ. ಇವೆರಡೂ ನಮಗೆ ಒಪ್ಪಿಗೆಯಾಗುವುದಿಲ್ಲ.

ಇಷ್ಟರ ನಡುವೆ ತರಗತಿಯಲ್ಲಿ ಏನೆಂದು ಕರೆಯುವುದು? ಮನೆಗೆ ತಿಳಿಯುವವರೆಗೆ ಎಲ್ಲರೆದುರು ಹೊಸ ಹೆಸರನ್ನು ಕರೆದರೆ ಸುದ್ದಿ ವ್ಯಾನಿನ ಮಕ್ಕಳ ಮೂಲಕ ಅಂದೇ ಮನೆ ಮುಟ್ಟುತ್ತದೆ. ಮಗುವಿಗೆ ಇದನ್ನು ಬಿಡಿಸಿ ಹೇಳಿ, ಅದು ಏನು ಬಯಸುತ್ತದೆಂದು ಕೇಳಿ. ಕೆಲವು ಮಕ್ಕಳು, ಟೀಚರ್ ಒಬ್ಬರಿಗೇ ಗೊತ್ತಿದ್ದರೆ ಸಾಕೆನ್ನುತ್ತಾರೆ. ಹಾಜರಿಯ ಸಮಯದಲ್ಲಿ ಎಲ್ಲರನ್ನೂ ರೋಲ್ ನಂಬರಿನಿಂದ ಕರೆದರೆ ಯಾರಿಗೂ ಯಾವ ಹೆಸರೂ ಬೇಕಾಗುವುದಿಲ್ಲ, ಅನುಮಾನವೂ ಬರುವುದಿಲ್ಲ. ಒಂದು ಮಾತ್ರ ಖಂಡಿತ. ಸಹೋದ್ಯೋಗಿಗಳು ಯಾರಾದರೂ ಆ ಮಗುವಿನ ನಡಿಗೆಯನ್ನೋ ಹೆಸರನ್ನೋ ಹಿಡಿದು ಅಣಕಿಸುತ್ತಿದ್ದರೆ ಅದನ್ನು ತಮಾಷೆಯೆಂದು ಬಿಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯಂತೆಯೇ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇದಕ್ಕೆ ಹೊಸ ಆದೇಶ ಬೇಕಾಗಿಲ್ಲವೆಂದು ನಿಮ್ಮ ಮುಖ್ಯೋಪಾಧ್ಯಾಯರಿಗೂ ತಿಳಿಸಬಹುದು.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು, ವಾಸ್ಕೋದಲ್ಲಿದ್ದೇನೆ. ಮಗ ಚಿಕ್ಕವನಿರುವಾಗಲೇ ನನ್ನ ಗಂಡ ತೀರಿಕೊಂಡರು. ಈಗ ಮಗ ನನ್ನ ತವರಿನ ಅಡ್ಡಹೆಸರು ಇಟ್ಟುಕೊಳ್ಳುತ್ತೇನೆ ಎನ್ನುತ್ತಾನೆ. ಗಂಡನ ಅಣ್ಣನ ಒಪ್ಪಿಗೆ ಪತ್ರ ತರಬೇಕೆಂದು ಶಾಲೆಯಲ್ಲಿ ಹೇಳಿದರು. ಅದು ಬೇಕೇ?
– ಒಬ್ಬ ತಾಯಿ, ವಾಸ್ಕೋ

ಉತ್ತರ: ಬೇಡ. ತಾಯಿಯೂ ಮಗುವಿನ ಸಹಜ ಪಾಲಕಳೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ವಿವರಿಸಿದೆ. 2022ರ ಜುಲೈನ ಇನ್ನೊಂದು ತೀರ್ಪಿನಲ್ಲಿ, ತಂದೆ ತೀರಿಕೊಂಡ ಮೇಲೆ ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕು ತಾಯಿಗೆ ಇದೆಯೆಂದು ಸ್ಪಷ್ಟವಾಗಿಯೇ ಹೇಳಿದೆ. ಭಾವನವರಿಗೆ ಗೌರವದಿಂದ ತಿಳಿಸುವುದು ನಿಮ್ಮ ಇಷ್ಟ, ಅವರ ಸಹಿ ಕಾನೂನಿನ ಅಗತ್ಯವಲ್ಲ. ಮಗನ ಜನನ ಎಲ್ಲಿ ನೋಂದಣಿಯಾಗಿದೆಯೆಂದು ಮೊದಲು ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ತಿದ್ದುಪಡಿ ಮಾಡುವವರು ಆ ರಿಜಿಸ್ಟರು ಇಟ್ಟುಕೊಂಡಿರುವ ನೋಂದಣಾಧಿಕಾರಿ. ಊರಿನಲ್ಲಿ ನೋಂದಣಿಯಾಗಿದ್ದರೆ ಗೋವೆಯ ಕಚೇರಿಯಲ್ಲಿ ನಿಂತು ಉಪಯೋಗವಿಲ್ಲ. ಪತಿಯ ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದೆರಡು ಹೆಚ್ಚಾಗಿಯೇ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ನನಗೆ ಹದಿನೇಳು ವರ್ಷ, ಜೂನಿಯರ್ ಕಾಲೇಜಿನಲ್ಲಿ ಓದುತ್ತಿದ್ದೇನೆ. ಬೇರೆ ಹೆಸರು ಆರಿಸಿಕೊಂಡಿದ್ದೇನೆ. ಅಪ್ಪನಿಗೆ ಗೊತ್ತಾಗದಂತೆ ಈಗಲೇ ಗೆಜೆಟ್ ಮಾಡಿಸಬಹುದೇ, ಅಥವಾ ಹದಿನೆಂಟು ತುಂಬುವವರೆಗೆ ಕಾಯಬೇಕೇ?
– ಒಬ್ಬ ವಿದ್ಯಾರ್ಥಿ, ಮುಲುಂಡ್

ಉತ್ತರ: ಕಾಯಬೇಕು. 1875ರ ಭಾರತೀಯ ಪ್ರಾಪ್ತ ವಯಸ್ಸಿನ ಕಾಯ್ದೆಯಂತೆ ಹದಿನೆಂಟು ತುಂಬುವವರೆಗೆ ಗೆಜೆಟ್ ಅರ್ಜಿಗೆ ಸಹಿ ಮಾಡುವವರು ನಿನ್ನ ಪೋಷಕರೇ. ವಯಸ್ಸು ಹೆಚ್ಚು ತೋರಿಸಿ ಹಣ ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರ ಬಳಿ ಹೋಗಬೇಡ. ಸುಳ್ಳು ಪ್ರಮಾಣಪತ್ರದ ಹೊಣೆ ಅವರ ಮೇಲೆ ಬರುವುದಿಲ್ಲ, ನಿನ್ನ ಮೇಲೆ ಬರುತ್ತದೆ. ಇನ್ನೊಂದು ವಿಷಯವೂ ನಿನಗೆ ಗೊತ್ತಿರಲಿ. ಗೆಜೆಟ್ ಗುಟ್ಟಿನ ಕಾಗದವಲ್ಲ. ಹಳೆಯ ಹೆಸರು, ಹೊಸ ಹೆಸರು ಎರಡೂ ಅಕ್ಕಪಕ್ಕದಲ್ಲಿ ಅಚ್ಚಾಗಿ, ಯಾರು ಬೇಕಾದರೂ ಓದುವಂತೆ ಸರಕಾರದ ಜಾಲತಾಣದಲ್ಲಿ ಇರುತ್ತದೆ. ಹದಿನೆಂಟಾದ ಮೇಲೆ ಮಾಡಿಸಿದರೂ ಅಪ್ಪನಿಗೆ ತಿಳಿಯದಿರುವುದಕ್ಕೆ ಖಾತರಿಯಿಲ್ಲ. ಆದ್ದರಿಂದ ಆ ಮಾತನ್ನು ಅವರೊಡನೆ ಎಂದು, ಯಾರ ಮುಂದೆ ಆಡಬೇಕೆಂದು ಈಗಿನಿಂದಲೇ ಯೋಚಿಸು. ಅಮ್ಮನಿಗೋ ಅಕ್ಕನಿಗೋ ಈಗಾಗಲೇ ಗೊತ್ತಿದ್ದರೆ ಮೊದಲು ಅವರೊಡನೆ ಕುಳಿತು ಮಾತನಾಡು.

ಕಾಲೇಜಿನಲ್ಲಿ ಸ್ನೇಹಿತರೂ ಅಧ್ಯಾಪಕರೂ ನೀನು ಆರಿಸಿಕೊಂಡ ಹೆಸರಿನಿಂದ ಕರೆಯಲು ಯಾರ ಸಹಿಯೂ ಬೇಕಿಲ್ಲ. ಹನ್ನೆರಡನೆಯ ತರಗತಿಯ ಪರೀಕ್ಷಾ ಅರ್ಜಿಯನ್ನು ಮಾತ್ರ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರಿನಲ್ಲೇ, ಒಂದಕ್ಷರವೂ ವ್ಯತ್ಯಾಸವಾಗದಂತೆ ತುಂಬಿಸು. ಎರಡು ಅಂಕಪಟ್ಟಿಗಳಲ್ಲಿ ಎರಡು ಹೆಸರಿದ್ದರೆ ಪದವಿ ಪ್ರವೇಶಕ್ಕೆ ದಾಖಲೆ ಪರಿಶೀಲಿಸುವ ಕಿಟಕಿಯಲ್ಲೇ ತಡೆಯುತ್ತಾರೆ. ಹದಿನೆಂಟು ತುಂಬಿದ ಮೇಲೆ ಗೆಜೆಟ್ ಮಾಡಿಸಿ, ಎರಡು ಅಂಕಪಟ್ಟಿಗಳನ್ನೂ ಒಟ್ಟಿಗೆ ರಾಜ್ಯ ಮಂಡಳಿಯ ವಾಶಿಯ ವಿಭಾಗೀಯ ಕಚೇರಿಗೆ ತೆಗೆದುಕೊಂಡು ಹೋಗಿ, ತಿದ್ದುಪಡಿಗೆ ಆ ದಿನ ಜಾರಿಯಲ್ಲಿರುವ ಕ್ರಮವೇನೆಂದು ವಿಚಾರಿಸು. ಹೋಗುವ ಮೊದಲು ನಿನ್ನ ಕಾಲೇಜಿನ ಕಚೇರಿಯಿಂದ ಒಂದು ಬೋನಫೈಡ್ ಸರ್ಟಿಫಿಕೇಟ್ ಪಡೆದುಕೊಂಡಿರು.